ಆರು ದಿನ ಶೂಟಿಂಗ್, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಯಾರಿಗಾದರೂ ಹೀಗಾಗಿದೆಯಾ?

ಉಪ್ಪಳ_ಲೋಕಲ್ (ಚರ್ಚೆ ಶುರು ಮಾಡಿದವರು), ಭಾನುವಾರ ರಾತ್ರಿ 9:40

ಕಾಸರಗೋಡು ಗಡಿನಾಡಿನ ಗೆಳೆಯರಿಗೆ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಬೇಡಿ.

ಹೋದ ತಿಂಗಳು ನಮ್ಮ ಕಡೆಯಿಂದ 22 ಜನ ಒಂದು ಸಿನಿಮಾ ಶೂಟಿಂಗಿಗೆ ಹೋಗಿದ್ದೆವು. ಜಾತ್ರೆಯ ಸೀನು, ಜನ ಜಾಸ್ತಿ ಬೇಕಿತ್ತು. ವಾಟ್ಸಾಪಿನಲ್ಲಿ ಬಂದ ಮೆಸೇಜು ಇಷ್ಟೇ: ದಿನಕ್ಕೆ 800, ಊಟ, ಬಸ್ಸು ಫ್ರೀ. ಬೆಳಿಗ್ಗೆ ನಾಲ್ಕೂವರೆಗೆ ಉಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ನಿಂತೆವು. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವಾಗ ಇನ್ನೂ ಕತ್ತಲು. ಸೆಟ್ಟಿಗೆ ಮುಟ್ಟಿದ್ದು ಏಳಕ್ಕೆ. ಕ್ಯಾಮೆರಾ ನಮ್ಮ ಕಡೆ ತಿರುಗಿದ್ದು ಮಧ್ಯಾಹ್ನ ಎರಡಕ್ಕೆ. ಅಷ್ಟು ಹೊತ್ತು ಬಿಸಿಲಲ್ಲಿ, ಹೆಗಲಿಗೆ ಶಾಲು ಹಾಕಿಕೊಂಡು, ಮುಖಕ್ಕೆ ಕುಂಕುಮ ಬಳಿದುಕೊಂಡು ಕೂತದ್ದು. ವಾಪಸು ಬಿಟ್ಟದ್ದು ರಾತ್ರಿ ಹತ್ತೂವರೆಗೆ. ಇದು ಆರು ದಿನ.

ಮೂರನೇ ದಿನದಿಂದ ನಮ್ಮಲ್ಲಿ ಗಟ್ಟಿ ಇದ್ದ ಐದಾರು ಜನರಿಗೆ ಸೆಟ್ಟಿನ ಕಂಬ, ಹಲಗೆ ಹೊರುವ ಕೆಲಸವೂ ಬಂತು. ಜಾಸ್ತಿ ದುಡ್ಡು ಎಂದರು. ಸರಿ ಎಂದೆವು.

ಲೆಕ್ಕ ಮಾಡಿ: ಆರು ದಿನಕ್ಕೆ 4,800. ಹೊರೆ ಹೊತ್ತದ್ದು ಬೇರೆ. ನನ್ನ ಕೈಗೆ ಬಂದದ್ದು 1,500. ಉಳಿದದ್ದು "ಪ್ರೊಡಕ್ಷನಿನವರು ಕೊಟ್ಟಿಲ್ಲ" ಎನ್ನುತ್ತಾನೆ ನಮ್ಮನ್ನು ಒಟ್ಟುಮಾಡಿ ಕರೆದುಕೊಂಡು ಹೋದ ಕೋಆರ್ಡಿನೇಟರ್. ಆದರೆ ಕೊನೆಯ ದಿನ ಪ್ರೊಡಕ್ಷನ್ ಮ್ಯಾನೇಜರ್ ಮೇಜಿನ ಮೇಲಿದ್ದ ಹಾಳೆ ನಾನು ಕಣ್ಣಾರೆ ನೋಡಿದೆ. ತಲೆಗೆ 1,200 ಅಂತ ಬರೆದಿತ್ತು.

ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಬ್ರಾಂಚಿಗೆ ಬೀಡಿ ಕೊಟ್ಟು ಬರುವಾಗ ಸಣ್ಣ ಪುಸ್ತಕದಲ್ಲಿ ಬರೆಸಿಕೊಂಡು ಬರುತ್ತಿದ್ದರು. ಇಷ್ಟು ಎಲೆ, ಇಷ್ಟು ಹೊಗೆಸೊಪ್ಪು, ಇಷ್ಟು ಸಾವಿರ ಬೀಡಿ. ಓದಲು ಬಾರದಿದ್ದರೂ ಆ ಪುಸ್ತಕ ಮಾತ್ರ ಅಕ್ಕಿ ಡಬ್ಬಿಯ ಮೇಲೆ ಜೋಪಾನ. ನನ್ನ ಕಥೆ ಕೇಳಿ ಅವರು ಕೇಳಿದ್ದು ಒಂದೇ: "ನಿನ್ನ ಪುಸ್ತಕ ಎಲ್ಲಿ?" ನಾನು ಡಿಗ್ರಿ ಮಾಡಿದವನು. ಉತ್ತರ ಇರಲಿಲ್ಲ.

ಯಾರಿಗಾದರೂ ಹೀಗಾಗಿದೆಯಾ? ಏನು ಮಾಡಿದಿರಿ?

---

ಪೈಸೆ_ಪಾವ್ಲಿ, ಭಾನುವಾರ ರಾತ್ರಿ 10:05

1,500 ಆದರೂ ಸಿಕ್ಕಿತಲ್ಲ ಮಾರಾಯ್ರೆ. ನನಗೆ ಒಂದು ಬಿರಿಯಾನಿ ಪೊಟ್ಟಣ ಮತ್ತು ಹೀರೋ ಜೊತೆ ಒಂದು ಸೆಲ್ಫಿ. ಸೆಲ್ಫಿಯಲ್ಲಿ ನನ್ನ ಅರ್ಧ ಕಿವಿ ಮಾತ್ರ ಇದೆ.

---

ಚಂದ್ರಗಿರಿ_ಉತ್ತರ, ಭಾನುವಾರ ರಾತ್ರಿ 10:31

ಇದಕ್ಕೆಲ್ಲ ಮೂಲ ಕಾರಣ ಒಂದೇ. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದ್ದು. ಗಡಿ ವಿವಾದದ ಬಗ್ಗೆ 1967ರಲ್ಲಿ ಬಂದ ಮಹಾಜನ ಆಯೋಗದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಬರೆದಿದೆ. ಅದು ಜಾರಿಯಾಗಿದ್ದರೆ ಕನ್ನಡದ ಹುಡುಗರಿಗೆ ಹೀಗೆ ಮೋಸ ಮಾಡುವ ಧೈರ್ಯ ಯಾರಿಗಿತ್ತು?

---

ಉಪ್ಪಳ_ಲೋಕಲ್, ಭಾನುವಾರ ರಾತ್ರಿ 10:38

ಅಣ್ಣ, ಶೂಟಿಂಗ್ ನಡೆದದ್ದು ಕರ್ನಾಟಕದಲ್ಲಿ. ಕೋಆರ್ಡಿನೇಟರ್ ನಮ್ಮ ಊರಿನವನೇ. ಟೋಪಿ ಹಾಕಿದ್ದು ಅಚ್ಚ ಕನ್ನಡದಲ್ಲಿ.

---

ಬಣ್ಣದ_ಪೆಟ್ಟಿಗೆ, ಸೋಮವಾರ ಬೆಳಿಗ್ಗೆ 6:50

ನಾನು ಮೇಕಪ್ ಅಸಿಸ್ಟೆಂಟ್. ಕಾಸರಗೋಡು, ಪಯ್ಯನ್ನೂರು, ಮಂಗಳೂರು ಕಡೆ ಮಲಯಾಳ, ತುಳು, ಕನ್ನಡ ಮೂರರಲ್ಲೂ ಕೆಲಸ ಮಾಡಿದ್ದೇನೆ. ದುಡ್ಡಿನ ವಿಷಯ ಆಮೇಲೆ. ಶೌಚಾಲಯದ ವಿಷಯ ಮೊದಲು ಹೇಳುತ್ತೇನೆ, ಗಂಡಸರು ಇದನ್ನು ಬರೆಯುವುದಿಲ್ಲ.

ನಾಯಕಿಗೆ ಕ್ಯಾರವಾನ್ ಇರುತ್ತದೆ. ನಮಗೆ ಗುಡ್ಡ, ಗೇರು ತೋಟ, ಇಲ್ಲದಿದ್ದರೆ ಪಕ್ಕದ ಮನೆಯವರ ಕೈಕಾಲು ಹಿಡಿಯಬೇಕು. ಮೂರು ವರ್ಷ ನಾನು ಕೆಲಸದ ದಿನ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಉರಿಮೂತ್ರ ಶುರುವಾಗಿ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ನೀರು ಎಷ್ಟು ಕುಡಿಯುತ್ತೀರಿ?" ನಾಚಿಕೆಯಾಗಿ ಸುಳ್ಳು ಹೇಳಿದೆ.

ಇದು ನನ್ನೊಬ್ಬಳ ದಡ್ಡತನ ಎಂದುಕೊಂಡಿದ್ದೆ. 2024ರ ಆಗಸ್ಟ್ 19ಕ್ಕೆ ಮಲಯಾಳ ಸಿನಿಮಾದ ಹೆಂಗಸರ ಪಾಡಿನ ಬಗ್ಗೆ ಹೇಮಾ ಸಮಿತಿಯ ವರದಿ ಹೊರಬಂತಲ್ಲ, ಅದರಲ್ಲಿ ಅದೇ ಇತ್ತು. ಸೆಟ್ಟಿನಲ್ಲಿ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಜಾಗ ಇಲ್ಲ, ಅದಕ್ಕೇ ಹೆಂಗಸರು ನೀರು ಕುಡಿಯದೆ ಕೂರುತ್ತಾರೆ, ಸೋಂಕು ಬರುತ್ತದೆ. ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಟೀವಿಯವರು ಮಾತ್ರ ಒಂದು ತಿಂಗಳು ಯಾವ ನಟ, ಯಾವ ನಿರ್ದೇಶಕ ಅಂತ ಹೆಸರು ಹುಡುಕುವುದರಲ್ಲೇ ಕಳೆದರು. ಕಕ್ಕಸಿನ ಸುದ್ದಿಗೆ ಟಿಆರ್‌ಪಿ ಇಲ್ಲ.

ಆ ವರದಿಗೂ ಎಷ್ಟು ವರ್ಷ ಹಿಡಿಯಿತು ನೋಡಿ. ಸಮಿತಿ ಆದದ್ದು 2017ರಲ್ಲಿ, ನಟಿಯೊಬ್ಬರ ಮೇಲೆ ಹಲ್ಲೆ ಆದ ನಂತರ, ಡಬ್ಲ್ಯುಸಿಸಿ (ಮಲಯಾಳ ಸಿನಿಮಾದ ಹೆಂಗಸರ ಸಂಘಟನೆ) ಹೆಂಗಸರು ಕೇರಳದ ಮುಖ್ಯಮಂತ್ರಿಗೆ ಮನವಿ ಕೊಟ್ಟ ಮೇಲೆ. ನಿವೃತ್ತ ನ್ಯಾಯಮೂರ್ತಿ ಕೆ. ಹೇಮಾ, ನಟಿ ಶಾರದಾ, ನಿವೃತ್ತ ಐಎಎಸ್ ಅಧಿಕಾರಿ ಕೆ.ಬಿ. ವತ್ಸಲಕುಮಾರಿ, ಮೂವರು. 2019ರ ಡಿಸೆಂಬರ್ 31ಕ್ಕೆ ವರದಿ ಸರ್ಕಾರದ ಕೈಗೆ ಕೊಟ್ಟಿದ್ದರು. ನಾಲ್ಕೂವರೆ ವರ್ಷಕ್ಕೂ ಜಾಸ್ತಿ ಕಪಾಟಿನಲ್ಲಿತ್ತು.

ಉಪ್ಪಳದವರೇ, ಜೂನಿಯರ್ ಆರ್ಟಿಸ್ಟುಗಳ ಪಾಡು ಕೂಡ ಅದರಲ್ಲಿದೆ. ಊಟ, ನೀರು, ಕೂರಲು ಜಾಗ ಸರಿಯಾಗಿಲ್ಲದ್ದು, ಮಧ್ಯದವರು ಸಂಬಳದಲ್ಲಿ ಕತ್ತರಿ ಹಾಕುವುದು, ಒಪ್ಪಂದದ ಕಾಗದ ಇಲ್ಲದ್ದು. ಓದಿ.

---

ಚೌಕಿ_ಮನೆ, ಸೋಮವಾರ ಬೆಳಿಗ್ಗೆ 8:15

ನಾನು ಯಕ್ಷಗಾನ ಮೇಳದವನು. ಪತ್ತನಾಜೆಗೆ (ಮೇಳದ ವರ್ಷದ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಕೈ ಖಾಲಿ. ಆ ಸಮಯದಲ್ಲಿ ಸಿನಿಮಾದವರು ಕರೆದರೆ ಹೋಗುತ್ತೇವೆ. ದೈವ, ಕೋಲ, ಯಕ್ಷಗಾನ ಎಲ್ಲ ಈಗ ಸಿನಿಮಾಕ್ಕೆ ಬೇಕು ಅಲ್ವಾ.

ಮೇಳದಲ್ಲಿ ಎಲ್ಲ ಚಿನ್ನ ಅಂತ ಹೇಳುವುದಿಲ್ಲ. ಅಲ್ಲೂ ನಿದ್ದೆಗೆಟ್ಟು ಕುಣಿದು ಮುದುಕರಾದ ಮೇಲೆ ಯಾರೂ ಕೇಳುವುದಿಲ್ಲ. ಆದರೆ ತಿರುಗಾಟ ಶುರುವಾಗುವ ಮೊದಲು ಯಜಮಾನರ ಎದುರು ಮಾತಾಗುತ್ತದೆ. ಇಷ್ಟು ಸಂಬಳ, ಇಷ್ಟು ಮುಂಗಡ. ಮಾತಿಗೆ ಸಾಕ್ಷಿ ಇಡೀ ಚೌಕಿ (ನಾವು ಬಣ್ಣ ಹಚ್ಚಿಕೊಳ್ಳುವ ಜಾಗ). ಸಿನಿಮಾದಲ್ಲಿ ಒಂದು ವೇಷಕ್ಕೆ ನನಗೆ ಬಣ್ಣ ಬರೆದುಕೊಳ್ಳಲು ಮೂರು ಗಂಟೆ ಬೇಕು. ಆ ಮೂರು ಗಂಟೆ ಅವರ ಲೆಕ್ಕದಲ್ಲಿ ಕೆಲಸವೇ ಅಲ್ಲ. "ಶಾಟ್ ಎಷ್ಟು ಹೊತ್ತು? ಹತ್ತು ನಿಮಿಷ ಅಲ್ವಾ?" ಅಂತ ಕೇಳಿದ ಒಬ್ಬ. ಕಿರೀಟ ತೆಗೆದು ಅವನ ತಲೆಗಿಟ್ಟು ನಿಲ್ಲಿಸಬೇಕಿತ್ತು.

---

ಹೆಸರು_ಬೇಡ, ಸೋಮವಾರ ಮಧ್ಯಾಹ್ನ 1:20

ಎಲ್ಲರೂ ಕೋಆರ್ಡಿನೇಟರಿಗೆ ಬೈಯುತ್ತಿದ್ದೀರಿ. ನಾನೂ ಅದೇ ಕೆಲಸ ಮಾಡುವವನು. (ಉಪ್ಪಳದವರ ಕೇಸಿನಲ್ಲಿರುವುದು ನಾನಲ್ಲ.) ನನ್ನದೂ ಸ್ವಲ್ಪ ಕೇಳಿ.

ಪ್ರೊಡಕ್ಷನಿನವರು ನನಗೆ ಅದೇ ದಿನ ದುಡ್ಡು ಕೊಡುವುದಿಲ್ಲ. ನಲವತ್ತೈದು ದಿನ, ಎರಡು ತಿಂಗಳು. ಬಸ್ಸಿನವನು ಮಾತ್ರ ಡೀಸೆಲಿಗೆ ಬೆಳಿಗ್ಗೆಯೇ ಕೇಳುತ್ತಾನೆ. ಐವತ್ತು ಜನ ಬರುತ್ತೇವೆ ಅಂತ ಹೇಳಿ ಮೂವತ್ತೈದು ಜನ ಬರುತ್ತಾರೆ. ಉಳಿದ ಹದಿನೈದಕ್ಕೆ ನಾನು ರಾತ್ರೋರಾತ್ರಿ ಊರು ಸುತ್ತಬೇಕು. ತುಳು ಸಿನಿಮಾ ಆದರೆ ಇನ್ನೂ ಕಷ್ಟ. 1971ರಿಂದ ತುಳು ಸಿನಿಮಾ ಬರುತ್ತಿದೆ, ಆದರೆ ಓಡುವುದು ಮಂಗಳೂರು, ಉಡುಪಿ ಸುತ್ತಿನ ಕೆಲವೇ ಥಿಯೇಟರುಗಳಲ್ಲಿ. ನಿರ್ಮಾಪಕ ಅಂದರೆ ಎಷ್ಟೋ ಸಲ ಗಲ್ಫಿನಲ್ಲಿ ದುಡಿದ ಉಳಿತಾಯ ಹಾಕಿದ ಯಾರೋ ಒಬ್ಬರು. ಅವರೇ ಮುಳುಗಿದ ಮೇಲೆ ನನಗೆ ಎಲ್ಲಿಂದ ಕೊಡುತ್ತಾರೆ?

ಹೌದು, ಕಮಿಷನ್ ತೆಗೆದುಕೊಳ್ಳುತ್ತೇನೆ. ಅದು ನನ್ನ ಕೂಲಿ.

---

ಬಣ್ಣದ_ಪೆಟ್ಟಿಗೆ, ಸೋಮವಾರ ಮಧ್ಯಾಹ್ನ 1:44

ಕಮಿಷನ್ ತಪ್ಪು ಅಂತ ಯಾರೂ ಹೇಳಲಿಲ್ಲ ಅಣ್ಣ. 1,200ರಲ್ಲಿ 400 ಹೋದರೂ 800 ಸಿಗಬೇಕಲ್ವಾ? ಅದೂ ಸಿಗಲಿಲ್ಲವಲ್ಲ. ನಿಮ್ಮ ಕಮಿಷನ್ ಎಷ್ಟು ಅಂತ ಬಸ್ಸು ಹತ್ತುವ ಮೊದಲು ಜನರಿಗೆ ಹೇಳುತ್ತೀರಾ?

---

ಹೆಸರು_ಬೇಡ, ಸೋಮವಾರ ಮಧ್ಯಾಹ್ನ 2:10

ಹೇಳುವುದಿಲ್ಲ. ಹೇಳಿದರೆ ಇನ್ನೊಬ್ಬ ಐವತ್ತು ರೂಪಾಯಿ ಕಡಿಮೆಗೆ ಅದೇ ಜನರನ್ನು ಕರೆದುಕೊಂಡು ಹೋಗುತ್ತಾನೆ.

---

ಜನರೇಟರ್_ಹಿಂದೆ, ಸೋಮವಾರ ರಾತ್ರಿ 11:30

ಬೇಕಲ ಕೋಟೆಯಲ್ಲಿ ಮಣಿರತ್ನಂ ಹಾಡು ಶೂಟ್ ಮಾಡಿದ ಸಿನಿಮಾ ಬಂದದ್ದು 1995ರಲ್ಲಿ. ನಾನಾಗ ಹುಟ್ಟಿದ್ದೆ ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ಈ ಕಡೆ ಕ್ಯಾಮೆರಾ ಬರುವುದು ನಿಂತಿಲ್ಲ. ನಾನು ಲೈಟ್ ಯೂನಿಟ್ಟಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ.

ದುಡ್ಡು ಹೋದರೆ ಹೋಯಿತು, ನನಗೆ ಹೆದರಿಕೆ ಜೀವದ್ದು. ಮಳೆಯಲ್ಲಿ ನೆನೆದ ಕೇಬಲ್, ಬಿದಿರಿನ ಏಣಿ, ಹದಿನಾರು ಗಂಟೆ ನಿಂತ ಮೇಲೆ ತೂಗುವ ಕಣ್ಣು. ಮೇಲೆ ಹತ್ತುವವನಿಗೆ ಬೆಲ್ಟ್ ಇಲ್ಲ. "ಬೇಗ, ಬೆಳಕು ಹೋಗುತ್ತದೆ" ಅಂತ ಕೆಳಗಿನಿಂದ ಕಿರುಚಾಟ.

2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ಸಾಹಸ ಕಲಾವಿದರು ಮುಳುಗಿದ್ದು ಎಲ್ಲರೂ ಟೀವಿಯಲ್ಲಿ ನೋಡಿದ್ದೀರಿ. 2020ರ ಫೆಬ್ರವರಿಯಲ್ಲಿ ಚೆನ್ನೈ ಹತ್ತಿರ ಸೆಟ್ಟಿನಲ್ಲಿ ಕ್ರೇನ್ ಬಿದ್ದು ಮೂರು ಜನ ಹೋದರು. 2021ರಲ್ಲಿ ಬಿಡದಿ ಹತ್ತಿರ ಫೈಟರ್ ಹುಡುಗನಿಗೆ ಕರೆಂಟ್ ಹೊಡೆಯಿತು. 2024ರಲ್ಲಿ ಬೆಂಗಳೂರಿನ ಹೊರಗೆ ನಮ್ಮಂತೆ ಲೈಟಿನ ಕೆಲಸದ ಒಬ್ಬ ಮೇಲಿನಿಂದ ಬಿದ್ದ, ಉಳಿಯಲಿಲ್ಲ. ಪ್ರತಿ ಸಲ ಒಂದು ವಾರ ಗಲಾಟೆ, ಒಂದು ಕೇಸು, ಆಮೇಲೆ ಮರುದಿನ ಬೆಳಿಗ್ಗೆ ಆರಕ್ಕೆ ಕಾಲ್‌ಶೀಟ್.

ದೊಡ್ಡ ಊರಿನಲ್ಲಿ ಸತ್ತರೆ ಸುದ್ದಿಯಾದರೂ ಆಗುತ್ತದೆ. ನಾನು ಒಮ್ಮೆ ಪೈವಳಿಕೆ ಹತ್ತಿರ ಗುಡ್ಡದಲ್ಲಿ ಸ್ಟ್ಯಾಂಡಿನ ಸಮೇತ ಜಾರಿ ಬಿದ್ದು ಕೈ ಮುರಿದುಕೊಂಡೆ. ಯೂನಿಟ್ಟಿನ ವ್ಯಾನಿನಲ್ಲಿ ಆಸ್ಪತ್ರೆ ಬಾಗಿಲಿಗೆ ಬಿಟ್ಟು ಹೋದರು. ಬೈಕಿನಿಂದ ಬಿದ್ದದ್ದು ಅಂತ ಹೇಳು ಎಂದರು. ಹಾಗೆಯೇ ಹೇಳಿದೆ. ಈಗ ಯೋಚಿಸಿದರೆ ಸಿಟ್ಟು ಬರುವುದು ನನ್ನ ಮೇಲೆಯೇ.

---

ಟೀಚರ್_ಬದಿಯಡ್ಕ, ಮಂಗಳವಾರ ಸಂಜೆ 5:05

ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಹಳೆ ಹೆಂಚಿನ ಕನ್ನಡ ಶಾಲೆ ಅಂದರೆ ಸಿನಿಮಾದವರಿಗೆ ಈಗ ಬಹಳ ಇಷ್ಟ. ನಮ್ಮಲ್ಲಿಗೂ ಬಂದಿದ್ದರು. ಬಿಲ್ಡಿಂಗ್ ಬೇಕು, ಜೊತೆಗೆ "ಮುಗ್ಧ ಮುಖದ" ಹದಿನೈದು ಮಕ್ಕಳೂ ಬೇಕು. ಸಂಬಳ? "ಮಕ್ಕಳಿಗೆ ಚಾಕೊಲೇಟು, ಶಾಲೆಗೆ ಪೇಂಟ್." ಪೋಷಕರು ಖುಷಿಯಲ್ಲಿ ಒಪ್ಪಿದ್ದರು. ನಾನೇ ವಿಲನ್ ಆದೆ.

ನಿಯಮ ಸ್ಪಷ್ಟ ಇದೆ. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆಯಿತು, ಮರುವರ್ಷ ನಿಯಮ ಬಂತು. ಮಗು ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ವಿಶ್ರಾಂತಿ ಇಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಒಂದೇ ಸಮನೆ 27 ದಿನಕ್ಕಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ. ಸಿಗುವ ದುಡ್ಡಿನಲ್ಲಿ ಕನಿಷ್ಠ 20 ಪರ್ಸೆಂಟ್ ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಚಾಕೊಲೇಟಿನ 20 ಪರ್ಸೆಂಟ್ ಎಲ್ಲಿ ಇಡುವುದು ಅಂತ ಕೇಳಿದೆ. ಅವರು ಬೇರೆ ಶಾಲೆ ಹುಡುಕಿಕೊಂಡರು.

ಒಬ್ಬ ಹುಡುಗ ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಅವನ ಪ್ರಕಾರ ನಾನು ಅವನ ಸಿನಿಮಾ ಭವಿಷ್ಯ ಹಾಳು ಮಾಡಿದ್ದೇನೆ.

---

ಕುಂಬಳೆ_ಕರಿಕೋಟು, ಮಂಗಳವಾರ ರಾತ್ರಿ 9:55

ತಡವಾಗಿ ಬಂದೆ. ವಕೀಲಿ ಮಾಡುವವನು, ಹಾಗಾಗಿ ಉದ್ದ.

ಮೊದಲು ಅಮ್ಮನ ಬೀಡಿ ಪುಸ್ತಕ. ಉಪ್ಪಳದವರಿಗೆ ಗೊತ್ತಿದೆಯೋ ಇಲ್ಲವೋ, ಬೀಡಿ ಕಾರ್ಮಿಕರು ಮತ್ತು ಸಿನಿಮಾ ಕಾರ್ಮಿಕರು ಸರ್ಕಾರದ ಲೆಕ್ಕದಲ್ಲಿ ಅಕ್ಕಪಕ್ಕದ ಮನೆಯವರು. ಬೀಡಿಯವರ ಕಲ್ಯಾಣ ನಿಧಿಯ ಕಾನೂನು 1976ರದ್ದು, ಸಿನಿಮಾದವರದ್ದು 1981ರದ್ದು. ಎರಡನ್ನೂ ನೋಡಿಕೊಂಡದ್ದು ಕೇಂದ್ರ ಕಾರ್ಮಿಕ ಇಲಾಖೆಯ ಒಂದೇ ಸಂಘಟನೆ. ಬೀಡಿ ಕಾರ್ಡ್ ತೋರಿಸಿ ನಮ್ಮ ಊರಿನ ಎಷ್ಟೋ ಮಕ್ಕಳು ಸ್ಕಾಲರ್‌ಶಿಪ್ ತೆಗೆದುಕೊಂಡಿದ್ದಾರೆ. ಅದೇ ಯೋಜನೆಯಲ್ಲಿ ಸಿನಿಮಾ ಕಾರ್ಮಿಕರ ಮಕ್ಕಳ ಹೆಸರೂ ಇದೆ. ಆದರೆ ಬೀಡಿಯವರ ಹತ್ತಿರ ಕಾರ್ಡ್ ಇತ್ತು, ಪುಸ್ತಕ ಇತ್ತು. ಅದು ಸುಮ್ನೆ ಬಂದದ್ದಲ್ಲ, ಸಂಘ ಕಟ್ಟಿ ಬೀದಿಯಲ್ಲಿ ಕೂತು ತೆಗೆದುಕೊಂಡದ್ದು. ನಮ್ಮ ಕಡೆಯ ಸಿನಿಮಾ ಕೂಲಿಯವರ ಹತ್ತಿರ ಎರಡೂ ಇಲ್ಲ.

1981ರಲ್ಲೇ ಸಿನಿಮಾ ಕಾರ್ಮಿಕರಿಗೆ ಇನ್ನೊಂದು ಕಾನೂನೂ ಬಂತು, ಲಿಖಿತ ಒಪ್ಪಂದ ಇಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ. ನಲವತ್ತು ವರ್ಷ ದಾಟಿತು. ಈ ಚರ್ಚೆಯಲ್ಲಿ ಒಬ್ಬರಾದರೂ ಅಂಥ ಕಾಗದ ನೋಡಿದ್ದೀರಾ? ಈಗ ಆ ಕಾನೂನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. 2025ರ ನವೆಂಬರ್ 21ರಿಂದ ನಾಲ್ಕು ಸಂಹಿತೆಗಳು ಜಾರಿಯಾಗಿವೆ. ಕೇರಳ ಸರ್ಕಾರ ಇವನ್ನು ವಿರೋಧಿಸಿತು, ಯೂನಿಯನ್ನಿನವರಿಗೂ ಇವುಗಳ ಮೇಲೆ ಸಿಟ್ಟಿದೆ, ಆ ಜಗಳ ಬೇರೆ. ಆದರೆ ವೇತನ ಸಂಹಿತೆಯಲ್ಲಿ ನಿಮಗೆ ಬೇಕಾದ ಒಂದು ಮಾತು ಇದೆ. ಸಂಬಳ ಕೊಟ್ಟಿಲ್ಲ ಅಂತ ದೂರು ಹಾಕಿದರೆ, ಕೊಟ್ಟಿದ್ದೇನೆ ಅಂತ ಸಾಬೀತು ಮಾಡಬೇಕಾದ್ದು ಕೆಲಸ ಕೊಟ್ಟವನು. ದೂರು ಕೊಡಲು ಮೂರು ವರ್ಷ ಸಮಯ ಇದೆ.

ಹಾಗಂತ ನೀವು ಕೈಕಟ್ಟಿ ಕೂರಬಹುದು ಎಂದಲ್ಲ. ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಗುರುತು ಬೇಕು. ಆ ವಾಟ್ಸಾಪ್ ಮೆಸೇಜು ಅಳಿಸಬೇಡಿ. ಸೆಟ್ಟಿನಲ್ಲಿ ತೆಗೆದ ಫೋಟೋ, 1,500 ಗೂಗಲ್ ಪೇಯಲ್ಲಿ ಬಂದಿದ್ದರೆ ಅದರ ದಾಖಲೆ, ಬಸ್ಸಿನ ನಂಬರು, ಜೊತೆಗಿದ್ದವರ ಹೆಸರು, ಎಲ್ಲ ಎತ್ತಿಡಿ. ಪೈಸೆ ಪಾವ್ಲಿಯವರ ಅರ್ಧ ಕಿವಿಯ ಸೆಲ್ಫಿ ಕೂಡ ಸಾಕ್ಷಿಯೇ, ತಮಾಷೆ ಅಲ್ಲ.

ಕೆಲಸ ನಡೆದದ್ದು ಕರ್ನಾಟಕದಲ್ಲಿ, ಹಾಗಾಗಿ ದೂರು ಆ ಜಿಲ್ಲೆಯ ಕಾರ್ಮಿಕ ಕಚೇರಿಗೆ. ಇಲ್ಲಿ ನಡೆದ ಶೂಟಿಂಗ್ ಆದರೆ ಕಾಸರಗೋಡಿನ ಕಚೇರಿಗೆ. "ಮಲಯಾಳ ಬರೆಯಲು ಬರುವುದಿಲ್ಲ" ಅಂತ ಸುಮ್ಮನಾಗುವವರು ತುಂಬ ಜನ ಇದ್ದಾರೆ. ಸಂವಿಧಾನದ 350ನೇ ವಿಧಿ ಓದಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು. ಕನ್ನಡದಲ್ಲೇ ಬರೆಯಿರಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಚಂದ್ರಗಿರಿಯವರಿಗೆ ಒಂದು ಮಾತು. ಗಡಿಯ ಸಮಸ್ಯೆ ಇಲ್ಲ ಅಂತ ನಾನೂ ಹೇಳುವುದಿಲ್ಲ. 2024ರಲ್ಲಿ ಕರ್ನಾಟಕದಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಾನೂನು ಬಂತು. ಟಿಕೆಟ್ ಮೇಲೆ 1ರಿಂದ 2 ಪರ್ಸೆಂಟ್ ಸೆಸ್ ಹಾಕಿ ಕಲ್ಯಾಣ ನಿಧಿ ಮಾಡುವುದು. ಕೇರಳದಲ್ಲೂ ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮನಿಧಿ ಇದೆ. ಆದರೆ ಆಧಾರ್ ಕೇರಳದ್ದು, ಕೆಲಸ ಕರ್ನಾಟಕದ್ದು ಆದವನು ಯಾವ ಕಿಟಕಿಗೆ ಹೋದರೂ ಆಚೆ ಕಿಟಕಿ ತೋರಿಸುತ್ತಾರೆ. ತಲಪಾಡಿಯಲ್ಲಿ ನಿಂತವನ ಪಾಡು ಇದು.

---

ಚಂದ್ರಗಿರಿ_ಉತ್ತರ, ಮಂಗಳವಾರ ರಾತ್ರಿ 10:20

ಅದನ್ನೇ ನಾನು ಹೇಳಿದ್ದು! (ಸ್ವಲ್ಪ ಬೇರೆ ರೀತಿ ಹೇಳಿದೆ, ಒಪ್ಪುತ್ತೇನೆ.)

---

ಜನರೇಟರ್_ಹಿಂದೆ, ಮಂಗಳವಾರ ರಾತ್ರಿ 11:48

ವಕೀಲರೇ, ಎಲ್ಲ ಸರಿ. ದೂರು ಹಾಕಿದವನನ್ನು ನಾಳೆ ಯಾರು ಕರೆಯುತ್ತಾರೆ? ಈ ಲೈನಿನಲ್ಲಿ ಫೋನ್ ಬಂದರೆ ಮಾತ್ರ ಕೆಲಸ. ಫೋನ್ ಬರದಿದ್ದರೆ ಯಾಕೆ ಅಂತ ಯಾರೂ ಹೇಳುವುದಿಲ್ಲ. ನಿಲ್ಲಿಸಿದ್ದಕ್ಕೂ ಕಾಗದ ಇಲ್ಲ.

---

ಕುಂಬಳೆ_ಕರಿಕೋಟು, ಬುಧವಾರ ಬೆಳಿಗ್ಗೆ 7:30

ಅದಕ್ಕೆ ನನ್ನ ಹತ್ತಿರ ಕಾನೂನಿನ ಉತ್ತರ ಇಲ್ಲ. ಒಬ್ಬನೇ ಹಾಕಬೇಡಿ ಅಂತ ಮಾತ್ರ ಹೇಳಬಲ್ಲೆ. 2025ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ತೆಲುಗು ಸಿನಿಮಾ ಕಾರ್ಮಿಕರು ಹದಿನೆಂಟು ದಿನ ಕೆಲಸ ನಿಲ್ಲಿಸಿದರು. ಕೇಳಿದ್ದು 30 ಪರ್ಸೆಂಟ್, ಸಿಕ್ಕಿದ್ದು ಮೂರು ವರ್ಷದಲ್ಲಿ ಹಂತಹಂತವಾಗಿ 22.5. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಸುಬಿನ ಸಂಘಗಳು ಒಟ್ಟಿಗೆ ನಿಂತಿದ್ದವು. ನಮ್ಮಲ್ಲಿ 22 ಜನ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ, ಬರುವಾಗ 22 ಬೇರೆ ಬೇರೆ ಲೆಕ್ಕ.

---

ಬಣ್ಣದ_ಪೆಟ್ಟಿಗೆ, ಬುಧವಾರ ಬೆಳಿಗ್ಗೆ 9:12

ಹೆಂಗಸರಿಗೆ ಇನ್ನೊಂದು. 2022ರ ಮಾರ್ಚಿನಲ್ಲಿ ಕೇರಳ ಹೈಕೋರ್ಟ್ ಹೇಳಿದೆ, ಸಿನಿಮಾ ಸೆಟ್ಟಿನಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಈಗ ಕೆಲವು ಕಡೆ ಕಾಲ್‌ಶೀಟಿನಲ್ಲಿ ಫೋನ್ ನಂಬರು ಹಾಕುತ್ತಾರೆ. ಒಮ್ಮೆ ಪರೀಕ್ಷೆಗೆ ಅಂತ ಮಾಡಿ ನೋಡಿದೆ. ಎತ್ತಿದ್ದು ಪ್ರೊಡಕ್ಷನ್ ಮ್ಯಾನೇಜರ್.

---

ಉಪ್ಪಳ_ಲೋಕಲ್, ಮೂರು ವಾರದ ನಂತರ, ಶನಿವಾರ ರಾತ್ರಿ 8:30

ಎಲ್ಲರಿಗೂ ಅಪ್‌ಡೇಟ್.

22 ಜನರ ಮನೆಗೂ ಹೋದೆ. ಸಹಿ ಹಾಕಿದ್ದು 9 ಜನ. ಉಳಿದವರಲ್ಲಿ ಕೆಲವರಿಗೆ ಮುಂದೆ ಕರೆಯುವುದಿಲ್ಲ ಎಂಬ ಹೆದರಿಕೆ, ಇಬ್ಬರು ಕೋಆರ್ಡಿನೇಟರಿನ ಸಂಬಂಧಿಕರು. ಒಬ್ಬ ಅಜ್ಜ ಮಾತ್ರ "ನನಗೆ ದುಡ್ಡು ಬೇಡ, ಸಿನಿಮಾದಲ್ಲಿ ಮುಖ ಕತ್ತರಿಸದಿದ್ದರೆ ಸಾಕು" ಎಂದರು. ಅವರ ಹತ್ತಿರ ಏನು ವಾದ ಮಾಡುವುದು?

ದೂರು ಕನ್ನಡದಲ್ಲಿ ಬರೆದು, ವಕೀಲರಿಗೆ ತೋರಿಸಿ, ಮಂಗಳೂರಿನ ಕಾರ್ಮಿಕ ಕಚೇರಿಯಲ್ಲಿ ಕೊಟ್ಟು ಬಂದೆವು. ಸೀಲು ಹಾಕಿಸಿಕೊಂಡೆ. ನಾಲ್ಕನೇ ದಿನ ಕೋಆರ್ಡಿನೇಟರ್ ಫೋನ್ ಮಾಡಿದ. ಬೈದ, ಆಮೇಲೆ ಅತ್ತ, ಆಮೇಲೆ ಗೂಗಲ್ ಪೇ ನಂಬರು ಕೇಳಿದ. ಸಹಿ ಹಾಕಿದ 9 ಜನರಿಗೂ ತಲಾ 2,000 ಬಂತು. ಇನ್ನೂ 1,300 ಬಾಕಿ. ಕಂಬ ಹೊತ್ತದ್ದರ ಲೆಕ್ಕ ಯಾರೂ ಎತ್ತುತ್ತಿಲ್ಲ. ದೂರು ವಾಪಸು ತೆಗೆದುಕೊಂಡಿಲ್ಲ.

ಅಮ್ಮ ಪೆಟ್ಟಿಗೆಯಿಂದ ಹಳೆಯ ಬೀಡಿ ಪುಸ್ತಕ ಒಂದು ತೆಗೆದುಕೊಟ್ಟರು. ಹಿಂದೆ ಹನ್ನೆರಡು ಹಾಳೆ ಖಾಲಿ ಇದೆ. ಎಲೆ, ಹೊಗೆಸೊಪ್ಪು ಅಂತ ಅಚ್ಚಾದ ಕಾಲಮ್ಮಿನಲ್ಲಿ ನಾನು ತಾರೀಕು, ಬಸ್ಸು ಹತ್ತಿದ ಹೊತ್ತು, ಇಳಿದ ಹೊತ್ತು ಬರೆಯುತ್ತಿದ್ದೇನೆ.

---

ಪೈಸೆ_ಪಾವ್ಲಿ, ಶನಿವಾರ ರಾತ್ರಿ 9:02

ಇವತ್ತು ಗ್ರೂಪಿನಲ್ಲಿ ಮೆಸೇಜು ಬಂದಿದೆ ನೋಡಿದಿರಾ? ಮುಂದಿನ ವಾರ ಬೇಕಲದ ಕಡೆ, 40 ಜನ ಬೇಕು, ಊಟ, ಬಸ್ಸು ಫ್ರೀ. ಸಂಬಳ ಎಷ್ಟು, ಯಾವತ್ತು ಕೊಡುತ್ತೀರಿ, ಬರೆದು ಕೊಡುತ್ತೀರಾ ಅಂತ ಕೇಳಿದೆ.

---

ಉಪ್ಪಳ_ಲೋಕಲ್, ಶನಿವಾರ ರಾತ್ರಿ 9:04

ಉತ್ತರ ಬಂತಾ?

---

ಪೈಸೆ_ಪಾವ್ಲಿ, ಶನಿವಾರ ರಾತ್ರಿ 11:15

ಓದಿದ್ದಾನೆ. ನೀಲಿ ಟಿಕ್ ಬಿದ್ದು ಎರಡು ಗಂಟೆ ಆಯಿತು.